ಮೂರು ಸರದಿ ಕಾಯುವ ದಳವಾಯಿ

ನನ್ನ ಅಕ್ಕನ ಮಗನಿಗೆ 14 ವರ್ಷ. ಬೇಸಿಗೆ ರಜೆಗೆ ಬೆಂಗಳೂರಿಗೆ ಬಂದಿದ್ದ. ನಾನು ರಾತ್ರಿ ಹೊತ್ತು ಕೂತು ಕಟ್ಟುತ್ತಿದ್ದ ಕಂಪ್ಯೂಟರ್ ಆಟವನ್ನು ಮೊದಲ ಸಲ ಆಡಿದವನು ಅವನೇ. ಮೂರನೇ ಕಾಳಗ ನಡೀತಾ ಇತ್ತು. ಹೊನ್ನವ್ವನಿಗೆ ಏಟು ಬಿದ್ದಿದೆ, ಕಾಲು ಭಾಗ ಜೀವ ಉಳಿದಿದೆ. ಎದುರಿಗೆ ದಳವಾಯಿ ಕೆಂಚಪ್ಪ. ಇನ್ನೊಂದು ಏಟು ಹಾಕಿದರೆ ಆಟ ಮುಗಿದೇ ಹೋಯಿತು. ಆದರೆ ಕೆಂಚಪ್ಪ ಕತ್ತಿ ಕೆಳಗಿಳಿಸುತ್ತಾನೆ. "ಗಾಯ ಕಟ್ಟಿಕೊಳ್ಳಿ, ಕಾಯುತ್ತೇನೆ" ಅನ್ನುತ್ತಾನೆ. ಮೂರು ಸರದಿ ಅಲ್ಲಾಡದೆ ನಿಲ್ಲುತ್ತಾನೆ.

"ಮಾವ, ಇವನು ಎಷ್ಟು ಒಳ್ಳೆಯವನು ಅಲ್ವಾ! ಇವನ್ಯಾಕೆ ವಿಲನ್?" ಅಂದ ಹುಡುಗ.

ನನಗೆ ಖುಷಿಯಾಗಬೇಕಿತ್ತು. ಇಂಥ ಮಾತು ಬರಲಿ ಅಂತಲೇ ಆ ದೃಶ್ಯ ಮಾಡಿದ್ದೆ. ಆದರೆ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಇದೇ ಕೆಂಚಪ್ಪ ಹಿಂದಿನ ಅಧ್ಯಾಯದಲ್ಲಿ ಒಂದು ಊರಿಗೆ ಬೆಂಕಿ ಇಡಿಸಿ ಬಂದಿದ್ದ. ಹುಡುಗ ಅದನ್ನು ಕಣ್ಣಾರೆ ನೋಡಿದ್ದ. ನೋಡಿ ಹತ್ತು ನಿಮಿಷ ಆಗಿರಲಿಲ್ಲ, ಮರೆತೂ ಬಿಟ್ಟಿದ್ದ.

ಆಟ ಅಂದರೆ ದೊಡ್ಡದೇನೂ ಅಲ್ಲ. ಹಗಲು ನಾನು ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುವವನು. ಇದು ರಾತ್ರಿಯ ಹುಚ್ಚು. ಚದುರಂಗದ ಹಾಗೆ ಮನೆಗಳಿರುವ ಹಾಸು, ಅಡ್ಡ 12, ಉದ್ದ 9. ನೀವೊಂದು ಸರದಿ, ವೈರಿ ಒಂದು ಸರದಿ. ಕಾಲ ಪಾಳೇಗಾರರದ್ದು, ಕೋಟೆ ನಾನು ಕಲ್ಪಿಸಿಕೊಂಡದ್ದು. ತಳವಾರನ ಮಗಳು ಹೊನ್ನವ್ವ ಒಂದು ಸಣ್ಣ ಮಣ್ಣಿನ ಕೋಟೆಯನ್ನು ಉಳಿಸಿಕೊಳ್ಳಬೇಕು. ಅದನ್ನು ಮುರಿಯಲು ಅರಮನೆ ಕಳಿಸಿದ ದಳವಾಯಿ ಕೆಂಚಪ್ಪ. ಆಟಕ್ಕೆ ಇನ್ನೂ ಹೆಸರಿಟ್ಟಿಲ್ಲ. ಫೋಲ್ಡರಿನ ಹೆಸರು "ಕೋಟೆ_ಹೊಸದು_3" ಅಂತ ಇದೆ, ಅಷ್ಟೆ.

ಮರ್ಯಾದಸ್ಥ ವೈರಿಯ ಗೀಳು ನನಗೆ ಹತ್ತಿದ್ದು ಹಾಸ್ಟೆಲಿನಲ್ಲಿ. ಗೆಳೆಯನೊಬ್ಬನ ಹತ್ತಿರ ನಿಂಟೆಂಡೊ ಡಿಎಸ್ ಇತ್ತು, ಕೈಯಲ್ಲಿ ಹಿಡಿದು ಆಡುವ ಆಟದ ಯಂತ್ರ. ಅದರಲ್ಲಿ ಫೈರ್ ಎಂಬ್ಲಮ್: ಶ್ಯಾಡೊ ಡ್ರ್ಯಾಗನ್. ಅದು 2008ರಲ್ಲಿ ಬಂದ ಹೊಸ ರೂಪ, ಮೂಲ ಆಟ ಜಪಾನಿನಲ್ಲಿ 1990ರಲ್ಲೇ ಬಂದಿತ್ತು. ಅದರಲ್ಲಿ ಕಮ್ಯೂ ಅಂತ ಒಬ್ಬ ಸೇನಾಪತಿ. ಗ್ರಸ್ಟ್ ರಾಜ್ಯದವನು. ಅವನ ರಾಜ ಹೆದರಿಕೊಂಡು ಕೆಟ್ಟವರ ಕಡೆ ಸೇರಿದ್ದಾನೆ. ಅದು ತಪ್ಪು ಅಂತ ಕಮ್ಯೂಗೆ ಚೆನ್ನಾಗಿ ಗೊತ್ತು. ಸೆರೆಯಾಗಿದ್ದ ರಾಜಕುಮಾರಿ ನೀನಾಳನ್ನು ಕಾಪಾಡಿ, ತಪ್ಪಿಸಿಕೊಂಡು ಹೋಗಲು ನೆರವಾದವನೂ ಅವನೇ. ಆದರೂ ಕೊನೆಗೆ ನಮ್ಮೆದುರಿಗೆ ಈಟಿ ಹಿಡಿದು ನಿಲ್ಲುತ್ತಾನೆ.

ಆ ಆಟದಲ್ಲಿ ಕೆಲವು ವೈರಿಗಳ ಪಕ್ಕಕ್ಕೆ ಸರಿಯಾದ ಮನುಷ್ಯನನ್ನು ನಿಲ್ಲಿಸಿದರೆ "ಮಾತಾಡು" ಅನ್ನುವ ಆಯ್ಕೆ ಬರುತ್ತದೆ. ಮಾತಾಡಿದರೆ ಅವರು ನಮ್ಮ ಕಡೆ ಬರುತ್ತಾರೆ. ಗ್ರಸ್ಟಿನದೇ ಇನ್ನೊಬ್ಬ ಹಿರಿಯ ದಳಪತಿ ಲೊರೆನ್ಸ್ ಹಾಗೆ ಬಂದುಬಿಡುತ್ತಾನೆ. ಸರಿ, ಕಮ್ಯೂ ಕೂಡ ಬರುತ್ತಾನೆ ಅಂದುಕೊಂಡು ನಾನು ಒಬ್ಬೊಬ್ಬರನ್ನೇ ಅವನ ಪಕ್ಕಕ್ಕೆ ಕಳಿಸಿದೆ. ಆಯ್ಕೆ ಬರಲೇ ಇಲ್ಲ. ಕೊನೆಗೆ ನಾಲ್ಕೈದು ಜನ ಸುತ್ತುಗಟ್ಟಿ ಕೊಂದೆವು. ಚಕ್ರವ್ಯೂಹದಲ್ಲಿ ಅಭಿಮನ್ಯುವನ್ನು ಕೊಂದ ಹಾಗೆ. ಒಳ್ಳೆಯವರ ಕಡೆಯವನು ನಾನು. ಕೈ ಕೊಳೆಯಾಗಿದ್ದು ನನ್ನದು.

ಇಂಥ ಪಾತ್ರಗಳಿಗೆ ಆ ಆಟದ ಅಭಿಮಾನಿಗಳು ಅವನ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ: ಕಮ್ಯೂ ಮಾದರಿ. ಅದೇ ಸರಣಿಯ 1992ರ ಆಟದಲ್ಲಿ ಅವನು ನೆನಪು ಕಳೆದುಕೊಂಡು ಬೇರೆ ಹೆಸರಿನಲ್ಲಿ ಮತ್ತೆ ಬರುತ್ತಾನೆ. 1994ರದ್ದರಲ್ಲಿ ಮುಖವಾಡ ಹಾಕಿಕೊಂಡು ಇನ್ನೊಮ್ಮೆ. ನನಗೆ ಇದು ಹಿಡಿಸಲಿಲ್ಲ. ಕೊಂದವನಿಗೆ ಮಾಡಿದ ಮೋಸ ಅನ್ನಿಸಿತು. ಅವನನ್ನು ಕೊಂದು ಎರಡು ದಿನ ಸರಿಯಾಗಿ ಓದಲಾಗದೆ ಕೂತವನು ನಾನು.

ಕೆಂಚಪ್ಪನನ್ನು ಬರೆಯಲು ಕೂತಾಗ ನನ್ನ ಮನಸ್ಸಿನಲ್ಲಿದ್ದವನು ಕಮ್ಯೂನೇ. ಬರೆದ ಮೊದಲ ಕರಡು ಬಹಳ ಕೆಟ್ಟದಾಗಿತ್ತು. ಹೆಜ್ಜೆಗೊಂದು ಸಲ ಅವನು "ನನಗೆ ಇದು ಇಷ್ಟವಿಲ್ಲ, ಆದರೆ ಆಜ್ಞೆ" ಅನ್ನುತ್ತಿದ್ದ. ಅಧ್ಯಾಯಕ್ಕೊಂದು ನಿಟ್ಟುಸಿರು. ಓದಿದರೆ ನನಗೇ ಕೆನ್ನೆಗೆ ಹೊಡೆಯೋಣ ಅನ್ನಿಸುತ್ತಿತ್ತು.

ಆಗ ಅಡಿಕೆ ಕೊಯ್ಲಿಗೆ ಅಂತ ಸಾಗರದ ಹತ್ತಿರದ ನಮ್ಮ ಊರಿಗೆ ಹೋದೆ. ಅಲ್ಲಿ ನಮ್ಮ ಮಾವ ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ಬಯಲುಸೀಮೆಯ ಓದುಗರಿಗಾಗಿ ಒಂದು ಮಾತು: ತಾಳಮದ್ದಲೆ ಅಂದರೆ ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿಗಳು ಪಂಚೆ ಉಟ್ಟುಕೊಂಡು ಎದುರುಬದುರು ಕೂತು, ಪಾತ್ರವಾಗಿ ವಾದ ಮಾಡುತ್ತಾರೆ. ಮಾತು ಮೊದಲೇ ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುತ್ತದೆ. ಚಿಕ್ಕಂದಿನಲ್ಲಿ ವಾಲಿವಧೆ ಕೇಳಿ ನಾನು ರಾಮನ ಮೇಲೆ ಸಿಟ್ಟು ಮಾಡಿಕೊಂಡು ಮಲಗಿದ್ದು ಇನ್ನೂ ನೆನಪಿದೆ. ಮರದ ಮರೆಯಿಂದ ಬಾಣ ಬಿಟ್ಟವನನ್ನು ವಾಲಿ ಕೇಳುವ ಪ್ರಶ್ನೆಗಳು ಅಂಥವು.

ಮಾವನಿಗೆ ನನ್ನ ತೊಂದರೆ ಹೇಳಿದೆ. ಅವರು ಕವಳ ಹಾಕಿಕೊಳ್ಳುತ್ತಾ ಕೇಳಿದರು.

"ನೋಡು ಮಾಣಿ, ಪದ್ಯ ಬದಲಾಗೋದಿಲ್ಲ. ವಾಲಿ ಸಾಯೋದೇ. ಆದರೆ ಸಾಯೋ ತನಕ ವಾಲಿ ಮಾತಲ್ಲಿ ಸೋಲಬಾರದು. ನಿನ್ನ ದಳವಾಯಿ ಶುರುವಲ್ಲೇ ತಪ್ಪು ಒಪ್ಪಿಕೊಂಡು ಕೂತಿದಾನೆ. ಅವನ ಹತ್ತಿರ ಯಾರು ವಾದ ಮಾಡ್ತಾರೆ?"

ಆಮೇಲೆ ಜಗಲಿಯಲ್ಲೇ ಒಂದು ಪ್ರಯೋಗ ಮಾಡಿದೆವು. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟೆ. ಮಾವ ಕೆಂಚಪ್ಪನಾದರು, ನಾನು ಹೊನ್ನವ್ವ. ಸುಮಾರು 40 ನಿಮಿಷ. ಮೊದಲ ಐದು ನಿಮಿಷದಲ್ಲೇ ನಾನು ತತ್ತರಿಸಿ ಹೋದೆ. ಮಾವನ ಕೆಂಚಪ್ಪ ಒಂದು ಸಲವೂ ನಿಟ್ಟುಸಿರು ಬಿಡಲಿಲ್ಲ. ಊರಿಗೆ ಬೆಂಕಿ ಇಟ್ಟದ್ದನ್ನು ಕೇಳಿದರೆ, "ನಿಮ್ಮ ಕೋಟೆ ಬಾಗಿಲು ತೆರೆದಿದ್ದರೆ ಒಂದು ಗುಡಿಸಲೂ ಸುಡುತ್ತಿರಲಿಲ್ಲ. ಸುಟ್ಟದ್ದು ನಾನೋ ನಿಮ್ಮ ಹಟವೋ?" ಅಂದರು. ಅರಮನೆಯನ್ನು ಯಾಕೆ ಬಿಡುವುದಿಲ್ಲ ಅಂದರೆ, "ಏಳು ವರ್ಷದ ಅನಾಥ ಹುಡುಗನಿಗೆ ಅನ್ನ ಹಾಕಿದ ಮನೆ. ಆ ಉಪ್ಪಿನ ಋಣ ಮೈಯಲ್ಲಿದೆ. ಬಿಟ್ಟು ಬಂದರೆ ನಿಮ್ಮವರೇ ನನ್ನನ್ನು ನಂಬುತ್ತಾರೇನು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಬಂದದ್ದು ಒಳಗೆ ದೋಸೆ ಹೊಯ್ಯುತ್ತಿದ್ದ ಅತ್ತೆಯಿಂದ.

"ಅರಮನೆಯವರು ಗದ್ದೆ ಹೂಡ್ತಾರಾ? ಆ ಅನ್ನದ ಭತ್ತ ಬೆಳೆದವರು ಯಾರು, ಕೇಳು ಅವನ್ನ."

ಮಾವ ಒಂದು ಗಳಿಗೆ ಸುಮ್ಮನಾದರು. ಆಮೇಲೆ ನಕ್ಕು, ಪಾತ್ರ ಬಿಟ್ಟು ಹೇಳಿದರು: "ಇದಕ್ಕೆ ದಳವಾಯಿ ಉತ್ತರ ಕೊಡೋದಿಲ್ಲ. ಮಾತು ತಿರುಗಿಸ್ತಾನೆ. ಅಲ್ಲೇ ಅವನು ಸಿಕ್ಕಿಬೀಳೋದು."

ಆ ರೆಕಾರ್ಡಿಂಗ್ ನನ್ನ ಆಟದ ಬೆನ್ನೆಲುಬು. ಮೊದಲ ಕರಡಿನ ಮಾತುಗಳನ್ನು ಪೂರ್ತಿ ಅಳಿಸಿ ಹಾಕಿದೆ.

ಅನ್ನದ ಋಣಕ್ಕಾಗಿ ಜೀವ ಕೊಡುವುದು ನಮಗೆ ಹೊಸದಲ್ಲ. ಹಳೆಗನ್ನಡದಲ್ಲಿ ಅದಕ್ಕೆ ಜೋಳದ ಪಾಳಿ ಅಂತ ಹೆಸರೇ ಇದೆ. ಒಡೆಯ ಸತ್ತರೆ ತಾನೂ ಸಾಯುತ್ತೇನೆ ಅಂತ ಮಾತು ಕೊಟ್ಟವರದ್ದು ವೇಳೆವಾಳಿ. ಊರಿನಿಂದ ಬರುವಾಗ ಬೇಕೆಂದೇ ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರ ಗುಡಿಯ ಹತ್ತಿರ ಕುವರ ಲಕ್ಷ್ಮನ ಕಂಬ ಇದೆ. 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ಜೊತೆ ಪ್ರಾಣ ಬಿಟ್ಟ ದಂಡನಾಯಕ ಈ ಲಕ್ಷ್ಮ. ಅವನ ಹೆಂಡತಿ ಸುಗ್ಗಲದೇವಿ, ಅವನ ಕಡೆಯ ವೀರರು ಎಲ್ಲರೂ ಸತ್ತರು. ಕಂಬದ ಮೇಲೆ ತಮ್ಮ ಮೈಯನ್ನು ತಾವೇ ಕಡಿದುಕೊಳ್ಳುತ್ತಿರುವವರ ಕೆತ್ತನೆ ಇದೆ. ಎಲ್ಲರೂ ದೇವಸ್ಥಾನದ ಆನೆ ಸಾಲಿನ ಫೋಟೋ ತೆಗೆಯುತ್ತಿದ್ದರು. ನಾನು ಆ ಕಂಬದ ಎದುರು ತುಂಬ ಹೊತ್ತು ನಿಂತಿದ್ದೆ. ಮೆಚ್ಚಬೇಕೋ ಹೆದರಬೇಕೋ ಗೊತ್ತಾಗಲಿಲ್ಲ. ಎರಡೂ ಆಯಿತು.

ನಮ್ಮ ಊರಿನಲ್ಲೂ ತುರುಗಾಳಗದ ಎರಡು ವೀರಗಲ್ಲುಗಳಿವೆ. ದನ ಬಿಡಿಸಿಕೊಳ್ಳಲು ಹೋಗಿ ಸತ್ತವರ ಕಲ್ಲು. ಬಸ್ಸಿನಲ್ಲಿ ಕೂತು ಯೋಚಿಸಿದೆ: ದನ ಹೊಡೆದುಕೊಂಡು ಹೋಗಲು ಬಂದವನೂ ಯಾರದೋ ಅನ್ನದ ಋಣವನ್ನೇ ತೀರಿಸುತ್ತಿದ್ದನಲ್ಲ. ಅವನಿಗೂ ಅವನ ಊರಿನಲ್ಲೊಂದು ಕಲ್ಲು ನಿಂತಿರಬಹುದು.

ಇಷ್ಟೆಲ್ಲ ತಲೆಯಲ್ಲಿತ್ತು. ಆದರೆ ಆಟ ಅಂದರೆ ಬರೀ ಮಾತಲ್ಲ. ಮಾತನ್ನು ಜನ ಓದುವುದೂ ಇಲ್ಲ, ಬಟನ್ ಒತ್ತಿ ಹಾರಿಸುತ್ತಾರೆ. ಕೆಂಚಪ್ಪ ಎಂಥವನು ಅನ್ನುವುದು ಅವನ ಸರದಿಯಲ್ಲಿ ಅವನು ಏನು ಮಾಡುತ್ತಾನೆ ಅನ್ನುವುದರಲ್ಲಿ ಕಾಣಬೇಕು.

ಮೊದಲು ಮಾಡಿದ್ದು ನಿಮಗೆ ಗೊತ್ತಿರುವುದೇ. ಹೊನ್ನವ್ವನ ಜೀವ ಮೂರನೇ ಒಂದಕ್ಕಿಂತ ಕಡಿಮೆಯಾದರೆ ಮೂರು ಸರದಿ ಕಾಯುತ್ತಾನೆ. ಆಡಿ ನೋಡಿ ಅಂತ ಒಂಬತ್ತು ಜನ ಗೆಳೆಯರಿಗೆ ಕೊಟ್ಟೆ. ಆರು ಜನ ಮೊದಲ ದಿನವೇ ಇದರ ಲಾಭ ತೆಗೆದುಕೊಂಡರು. ಬೇಕಂತಲೇ ಏಟು ತಿನ್ನುವುದು, ಕೆಂಚಪ್ಪ ಕತ್ತಿ ಇಳಿಸಿದ ಕೂಡಲೇ ಗಾಯ ಕಟ್ಟಿಕೊಂಡು ಅವನ ಬೆನ್ನ ಹಿಂದೆ ಹೋಗಿ ಹೊಡೆಯುವುದು. ಅವರಿಗೆ ಅವನು ದೊಡ್ಡ ಮನುಷ್ಯ ಅಲ್ಲ, ಪೆದ್ದ. ಹಾಗೆ ಹೊಡೆದರೆ ಸಿಟ್ಟಾಗಿ ಎರಡರಷ್ಟು ಜೋರಾಗಿ ತಿರುಗಿ ಹೊಡೆಯಲಿ ಅಂತ ಬದಲಿಸಿದೆ. ಆಗ ಅದೇ ಜನ "ಆಟ ಮೋಸ ಮಾಡ್ತಿದೆ" ಅಂದರು. ಅದನ್ನೂ ತೆಗೆದೆ.

ನನ್ನ ತಪ್ಪು ಎಲ್ಲಿತ್ತು ಅಂತ ತಿಳಿಯಲು ಸ್ವಲ್ಪ ದಿನ ಬೇಕಾಯಿತು. ಅವನ ಸೌಜನ್ಯಕ್ಕೆ ಯಾರೂ ಬೆಲೆ ತೆರುತ್ತಿರಲಿಲ್ಲ. ಪುಕ್ಕಟೆ ಸೌಜನ್ಯ. ಬೇರೆ ಒಳ್ಳೆಯ ಆಟಗಳಲ್ಲಿ ಹಾಗಿಲ್ಲ. 2020ರಲ್ಲಿ ಬಂದ ಘೋಸ್ಟ್ ಆಫ್ ಸುಶಿಮಾದಲ್ಲಿ ನಾಯಕನ ಸೋದರಮಾವ ಶಿಮುರಾ ನೇರ ಯುದ್ಧ ಬಿಟ್ಟು ಬೇರೆ ದಾರಿ ಹಿಡಿಯುವುದಿಲ್ಲ. ಮಂಗೋಲರು ಸೇತುವೆಯನ್ನು ಸಿಡಿಸಿ ಅವನ ಜನರನ್ನು ಕೊಂದ ಮೇಲೂ ಮತ್ತೆ ಎದುರಿನಿಂದಲೇ ನುಗ್ಗೋಣ ಅನ್ನುತ್ತಾನೆ. ಅವನ ಮಾನ ಉಳಿಯುವುದು ಸಿಪಾಯಿಗಳ ಜೀವದಿಂದ. 2004ರ ಮೆಟಲ್ ಗೇರ್ ಸಾಲಿಡ್ 3ರ ಕೊನೆಯಲ್ಲಿ ನಮಗೆ ವಿದ್ಯೆ ಕಲಿಸಿದ ಹೆಂಗಸೇ ಬಿಳಿ ಹೂವಿನ ಬಯಲಿನಲ್ಲಿ ಸೋತು ಬಿದ್ದಿರುತ್ತಾಳೆ. ಬಂದೂಕಿನ ಬಟನ್ ಒತ್ತುವ ಕೆಲಸವನ್ನು ಆಟ ನಮ್ಮ ಬೆರಳಿಗೇ ಬಿಡುತ್ತದೆ. ಅಲ್ಲಿ ಬೆಲೆ ತೆರುವವರು ನಾವು. ನನ್ನ ಆಟದಲ್ಲಿ ಯಾರು?

ಅತ್ತೆ ಹೇಳಿದ್ದು ನೆನಪಾಯಿತು. ಭತ್ತ ಬೆಳೆದವರು.

ನನ್ನ ಕೋಟೆ ಇರುವುದು ಬಯಲುಸೀಮೆಯಲ್ಲಿ. ಅಲ್ಲಿ ಭತ್ತ ಅಲ್ಲ, ಜೋಳ. ಜೋಳ ಇಡುವುದು ಹಗೇವಿನಲ್ಲಿ. ಮಲೆನಾಡಿನವನಾದ ನಾನು ಹಗೇವನ್ನು ಕಂಡವನೇ ಅಲ್ಲ. ನನ್ನ ಜೊತೆ ಕೆಲಸ ಮಾಡುವ ಗದಗದ ಕಡೆಯ ಗೆಳೆಯ ಅವರ ಅಜ್ಜಿಗೆ ಫೋನ್ ಹಚ್ಚಿ ಕೊಟ್ಟ. ಅಜ್ಜಿ ಚೆನ್ನಾಗಿ ವಿವರಿಸಿದರು. ನೆಲದಲ್ಲಿ ಆಳಕ್ಕೆ ತೋಡಿದ ಕುಣಿ, ಒಳಗೆಲ್ಲ ಹುಲ್ಲು ಹೊದಿಸುವುದು, ಜೋಳ ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವುದು. ವರ್ಷಗಟ್ಟಲೆ ಕೆಡುವುದಿಲ್ಲ. ಮೇಲೆ ಮಣ್ಣು ಹರಡಿದರೆ ಅಲ್ಲಿ ಹಗೇವು ಇದೆ ಅಂತ ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಆಮೇಲೆ ಅವರು ಒಂದು ಮಾತು ಹೇಳಿದರು.

"ಆದ್ರ ಬಾಯಿ ತಗದ ಕೂಡ್ಲೆ ಇಳೀಬಾರದಪಾ. ಒಳಗ ಕೆಟ್ಟ ಗಾಳಿ ಇರತೈತಿ. ದೀಪ ಇಳಿಸಿ ನೋಡಬೇಕು. ದೀಪ ಆರಿದ್ರ ಇನ್ನೂ ಕಾಯಬೇಕು. ಅವಸರ ಮಾಡಿ ಇಳದವ್ರು ಸತ್ತಾರ."

ಇದು ನಿಜವೇ. ಮುಚ್ಚಿದ ಕುಣಿಯಲ್ಲಿ ಕಾಳೂ ಉಸಿರಾಡುತ್ತದೆ. ಆಮ್ಲಜನಕ ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಫೋನ್ ಇಟ್ಟವನು ಹಾಗೇ ಕೂತುಬಿಟ್ಟೆ. ಬಾಯಿ ತೆರೆಯಲು ಒಂದು ಸರದಿ. ಗಾಳಿಯಾಡಲು ಒಂದು ಸರದಿ. ಜೋಳ ಹೊತ್ತು ಹೊರಡಲು ಒಂದು ಸರದಿ. ಒಟ್ಟು ಮೂರು.

ಕೆಂಚಪ್ಪ ಕಾಯುವುದೂ ಮೂರು ಸರದಿ.

ಅಂದು ರಾತ್ರಿ ಎರಡರವರೆಗೆ ಕೂತು ಬರೆದೆ. ಈಗ ಆಟ ಹೀಗಿದೆ. ಕೆಂಚಪ್ಪ ಕತ್ತಿ ಇಳಿಸಿ "ಗಾಯ ಕಟ್ಟಿಕೊಳ್ಳಿ" ಅನ್ನುತ್ತಾನೆ. ನಿಮ್ಮ ಕಣ್ಣೆಲ್ಲ ಹೊನ್ನವ್ವನ ಮೇಲೆ. ಅದೇ ಹೊತ್ತಿಗೆ ಹಾಸಿನ ಆ ತುದಿಯಲ್ಲಿ, ಪರದೆಯ ಹೊರಗೆ, ಅವನ ಸಿಪಾಯಿಗಳು ಹಗೇವಿನ ಕಲ್ಲು ಸರಿಸುತ್ತಾರೆ. ಸಂದೇಶ ಬರುವುದಿಲ್ಲ, ಕೆಂಪು ಬಾಣ ತೋರಿಸುವುದಿಲ್ಲ. ಕಲ್ಲು ಎಳೆಯುವ ಸಣ್ಣ ಸದ್ದು ಮಾತ್ರ. ಅದನ್ನು ಅಮ್ಮನ ಮನೆಯ ರುಬ್ಬುವ ಕಲ್ಲಿನಿಂದ ರೆಕಾರ್ಡ್ ಮಾಡಿಕೊಂಡೆ. ಮುಂದಿನ ಅಧ್ಯಾಯದಲ್ಲಿ ಕೋಟೆಗೆ ಬರಬೇಕಾದ ಆರು ಬಿಲ್ಲುಗಾರರಲ್ಲಿ ನಾಲ್ಕೇ ಜನ ಬರುತ್ತಾರೆ. ಯಾಕೆ ಅಂದರೆ ಒಬ್ಬ ರೈತ ಹೇಳುತ್ತಾನೆ: "ಹಗೇವು ಖಾಲಿ ಆತವ್ವ. ಹೊಟ್ಟಿಗಿಲ್ದೆ ಹುಡುಗ್ರು ಊರು ಬಿಟ್ರು."

ಈಗ ಕೇಳಿ: ಕೆಂಚಪ್ಪ ಕಾದದ್ದು ಮರ್ಯಾದೆಗೋ, ಜೋಳಕ್ಕೋ?

ಇದನ್ನು ಸರಿಯಾಗಿ ತೂಗುವುದಕ್ಕೆ ಕೋಡಿನಲ್ಲೇ ಒದ್ದಾಡಬೇಕಾಯಿತು. ಸಿಪಾಯಿಗಳು ಹಗೇವಿನ ಕಡೆ ಹೊರಡುವುದು ಅವನು ಕತ್ತಿ ಇಳಿಸುವ ಮುಂಚೆಯೋ ಆಮೇಲೋ? ಮುಂಚೆ ಹೊರಟರೆ ಅದು ಹಳೆಯ ಆಜ್ಞೆ, ಅವನ ಸೌಜನ್ಯ ಅಪ್ಪಟ, ಎರಡೂ ಕಾಕತಾಳೀಯ. ಆಮೇಲೆ ಹೊರಟರೆ ಶುದ್ಧ ಕುತಂತ್ರ. ಒಂದು ವಾರ ಆ ಕಡೆ ಈ ಕಡೆ ಮಾಡಿ, ಕೊನೆಗೆ ಎರಡನ್ನೂ ಒಂದೇ ಸರದಿಯಲ್ಲಿ ಇಟ್ಟೆ. ಶುರುವಿನಲ್ಲಿ ಕೋಡಿನಲ್ಲಿ "ಮರ್ಯಾದೆ" ಅಂತ ಒಂದು ವೇರಿಯಬಲ್, ಅಂದರೆ ಏರಿಳಿಯುವ ಅಂಕಿ ಇತ್ತು, ಸೊನ್ನೆಯಿಂದ ಹತ್ತರವರೆಗೆ. ಅದನ್ನು ನೋಡಿ ಅವನ ಮಾತು ಬದಲಾಗುತ್ತಿತ್ತು. ಅದನ್ನು ಕಿತ್ತು ಹಾಕಿದೆ. ಈಗ ಕೆಂಚಪ್ಪನ ಮನಸ್ಸಿನಲ್ಲಿ ಏನಿದೆ ಅಂತ ನನ್ನ ಕೋಡಿಗೂ ಗೊತ್ತಿಲ್ಲ.

ಆಡಿದವರಲ್ಲಿ ಜಗಳ ಶುರುವಾಯಿತು. ವರ್ಷಗಳಿಂದ ಇಂಥ ಆಟ ಆಡುವ ಗೆಳೆಯನೊಬ್ಬ, "ಪಕ್ಕಾ ಕಳ್ಳ, ಇದರಲ್ಲಿ ಅನುಮಾನವೇ ಇಲ್ಲ" ಅಂದ. ಅಕ್ಕ ಒಪ್ಪಲಿಲ್ಲ. "ಹಾಗಿದ್ದರೆ ಒಂದೇ ಏಟಿಗೆ ಅವಳನ್ನ ಮುಗಿಸಿ, ಆರಾಮಾಗಿ ಜೋಳ ತಗೊಂಡು ಹೋಗಬಹುದಿತ್ತಲ್ಲ" ಅಂದಳು. ಅಕ್ಕನ ಮಾತಿನಲ್ಲಿ ತೂಕವಿದೆ. ನನ್ನ ಅನಿಸಿಕೆ ಕೇಳಿದರೆ, ಅವನು ನಿಜವಾಗಿಯೂ ಮರ್ಯಾದಸ್ಥನೇ. ಆದರೆ ಅವನ ಮರ್ಯಾದೆ ಕತ್ತಿ ಹಿಡಿದವರಿಗೆ ಮಾತ್ರ. ಕುಡುಗೋಲು ಹಿಡಿದವರು ಅವನ ಲೆಕ್ಕದಲ್ಲೇ ಇಲ್ಲ.

ಇದನ್ನು ತೋರಿಸಲು ಕನ್ನಡ ನನಗೆ ಒಂದು ಪುಕ್ಕಟೆ ಆಯುಧ ಕೊಟ್ಟಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ಕರಡನ್ನು ನಾನು ಬರೆದದ್ದು ಇಂಗ್ಲಿಷಿನಲ್ಲಿ. ಆಮೇಲೆ ಕನ್ನಡಕ್ಕೆ ತಿರುಗಿಸಿದಾಗ ಕೆಂಚಪ್ಪ ಡಬ್ಬಿಂಗ್ ಧಾರಾವಾಹಿಯ ಹಾಗೆ "ನೀನು ಚೆನ್ನಾಗಿ ಹೋರಾಡಿದೆ" ಅನ್ನುತ್ತಿದ್ದ. ಇಂಗ್ಲಿಷಿನಲ್ಲಿ ಇರುವುದು ಒಂದೇ ನೀನು. ನಮ್ಮಲ್ಲಿ ನೀನು ಇದೆ, ನೀವು ಇದೆ, ತಾವು ಇದೆ, ಲೋ ಇದೆ. ಎದುರಾಳಿಗೆ ಯಾವುದನ್ನು ಬಳಸುತ್ತಾನೆ ಅನ್ನುವುದರಲ್ಲೇ ಅರ್ಧ ಪಾತ್ರ ಬಂದುಬಿಡುತ್ತದೆ. ಈಗ ಕೆಂಚಪ್ಪ ಹೊನ್ನವ್ವನಿಗೆ ಸದಾ ಬಹುವಚನ. "ತಾಯಿ" ಅನ್ನುತ್ತಾನೆ, "ಕಟ್ಟಿಕೊಳ್ಳಿ" ಅನ್ನುತ್ತಾನೆ. ಅದೇ ಬಾಯಲ್ಲಿ ತನ್ನ ತಂದೆಯ ವಯಸ್ಸಿನ ರೈತನಿಗೆ "ಲೋ, ಹಗೇವು ಎಲ್ಲಿದೆ ತೋರಿಸು" ಅನ್ನುತ್ತಾನೆ. ಇದನ್ನು ಎಲ್ಲೂ ಎತ್ತಿ ತೋರಿಸಿಲ್ಲ. ಗಮನಿಸಿದವರು ಗಮನಿಸುತ್ತಾರೆ.

ಹಳ್ಳಿಯವರ ಮಾತಿನಲ್ಲೂ ಒಂದು ಆಟ ಆಡಿದೆ. ಮೊದಲೆರಡು ಅಧ್ಯಾಯಗಳಲ್ಲಿ ಅವರು "ದಳವಾಯಿಗಳು ಬಂದರು" ಅನ್ನುತ್ತಾರೆ. ಹಗೇವು ಹೋದ ಮೇಲೆ "ದಳವಾಯಿ ಬಂದ". ಅಮ್ಮ ಒಂದು ದಿನ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪ್ ನೋಡುತ್ತಾ, "ಇಲ್ಲಿ ಬಂದರು ಅಂತ ಆಗ್ಬೇಕಲ್ಲ, ತಪ್ಪು ಬರ್ದಿದ್ದೀಯ" ಅಂದಳು. ನಿವೃತ್ತ ಟೀಚರ್. ವಿವರಿಸಿದೆ. "ಹಾಗಾದ್ರೆ ಸರಿ" ಅಂದು, ಬೇರೆ ನಾಲ್ಕು ಕಡೆ ನಿಜವಾದ ತಪ್ಪು ತೋರಿಸಿದಳು.

ಕನ್ನಡದಲ್ಲಿ ಆಟ ಮಾಡಲು ಹೊರಟವರಿಗೆ ಇನ್ನೊಂದು ವಿಷಯ. ನಾನು ಬಳಸುವುದು ಗೊಡೋ ಅನ್ನುವ ಉಚಿತ ಎಂಜಿನ್, ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್. ಅದರ 3ನೇ ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಕೂಡುತ್ತಲೇ ಇರಲಿಲ್ಲ. ಕೆಂಚಪ್ಪ, ಹೊನ್ನವ್ವ ಎರಡೂ ಹೆಸರು ಮುರಿದು ಚೂರಾಗಿ ಕಾಣುತ್ತಿದ್ದವು. ಒತ್ತಿಲ್ಲದ ಹೆಸರಿಡೋಣ ಅಂತ ಹುಡುಕಿ, ರಾಮ, ಸೋಮ, ಭೀಮ ಬಿಟ್ಟು ಬೇರೆ ಸಿಗದೆ ಕೈಬಿಟ್ಟಿದ್ದೆ. 2023ರ ಮಾರ್ಚಿನಲ್ಲಿ 4ನೇ ಆವೃತ್ತಿ ಬಂದ ಮೇಲೆ ಇದು ಸರಿಹೋಯಿತು. ಹಳೆಯದರಲ್ಲಿ ಒದ್ದಾಡಬೇಡಿ.

ಉಳಿದದ್ದು ಕೊನೆಯ ಕಾಳಗ. ಇಲ್ಲಿ ನಾನು ತುಂಬ ದಿನ ಸಿಕ್ಕಿಹಾಕಿಕೊಂಡಿದ್ದೆ. ಶುರುವಿನಲ್ಲಿ ಕೆಂಚಪ್ಪ ಸೋತು ಮಂಡಿಯೂರಿದಾಗ ಎರಡು ಬಟನ್ ಬರುತ್ತಿದ್ದವು: ಕೊಲ್ಲು, ಬಿಟ್ಟುಬಿಡು. ಸುಶಿಮಾ ಆಟದಲ್ಲೂ ಕೊನೆಗೆ ಶಿಮುರಾನ ವಿಷಯದಲ್ಲಿ ಹೀಗೇ ಕೇಳುತ್ತಾರೆ. ಅಲ್ಲಿ ಅದು ಒಪ್ಪುತ್ತದೆ, ಯಾಕೆಂದರೆ ಅವನು ಸಾಕಿದ ಸೋದರಮಾವ. 1995ರ ಕ್ರೋನೊ ಟ್ರಿಗರ್‌ನಲ್ಲಿ ವೈರಿ ಮೇಗಸ್‌ನ ಜೊತೆ ಕಾದಾಡದೆ ಬಿಟ್ಟರೆ ಅವನು ನಮ್ಮ ಜೊತೆಗೇ ಸೇರುತ್ತಾನೆ. ನನ್ನ ಆಟದಲ್ಲಿ ಮಾತ್ರ ಈ ಬಟನ್ ಸುಳ್ಳು ಅನ್ನಿಸಿತು. ಬಿಟ್ಟುಬಿಡು ಅಂತ ಒತ್ತಿದವರು ತಾವು ದೊಡ್ಡ ಮನಸ್ಸಿನವರು ಅಂದುಕೊಂಡು ಎದ್ದು ಹೋಗುತ್ತಿದ್ದರು. ಬಿಡುವುದಕ್ಕೆ ಹೊನ್ನವ್ವ ಯಾರು? ಜೋಳ ಕಳೆದುಕೊಂಡವರು ಬೇರೆಯವರು.

ಅದಕ್ಕೆ ಬಟನ್ ತೆಗೆದು, ಲೆಕ್ಕ ತಿರುಗಿಸಿದೆ. ಈಗ ಕೆಂಚಪ್ಪ ಮಂಡಿಯೂರಿದಾಗ ಏನೂ ಕೇಳುವುದಿಲ್ಲ. ನಿಮ್ಮ ಸರದಿ ನಡೆಯುತ್ತಿರುತ್ತದೆ, ಅಷ್ಟೆ. ಹೊಡೆಯಬಹುದು. ಅಥವಾ "ಸರದಿ ಮುಗಿಸು" ಒತ್ತಿ ಕಾಯಬಹುದು, ಅವನು ಕಾದ ಹಾಗೆ. ಕಾದರೆ ಹಾಸಿನ ಅಂಚಿನಲ್ಲಿ ಜನ ಕಾಣಿಸುತ್ತಾರೆ. ಸುಟ್ಟ ಊರಿನವರು. ಕೈಯಲ್ಲಿ ಕುಡುಗೋಲು. ದೂರ ಆರು ಮನೆ, ಸರದಿಗೆ ಎರಡು ಮನೆ ನಡೆಯುತ್ತಾರೆ. ಮೂರನೇ ಸರದಿಗೆ ಅವನ ಹತ್ತಿರ ಇರುತ್ತಾರೆ.

ದಸರಾ ರಜೆಗೆ ಅಕ್ಕನ ಮಗ ಮತ್ತೆ ಬಂದ. ಈ ಸಲ ಕೊನೆಯವರೆಗೂ ಆಡಿದ. ಹಗೇವಿನ ವಿಷಯ ಅವನಿಗೆ ನಾಲ್ಕನೇ ಅಧ್ಯಾಯದಲ್ಲಿ ಗೊತ್ತಾಯಿತು. ನನ್ನ ಕಡೆ ತಿರುಗಿ ನೋಡಿದ, ಏನೂ ಹೇಳಲಿಲ್ಲ. ಕೊನೆಯ ಕಾಳಗದಲ್ಲಿ ಕೆಂಚಪ್ಪ ಮಂಡಿಯೂರಿದ. "ಮುಗಿಸಿ ತಾಯಿ" ಅಂದ. ಹುಡುಗ ಒಂದು ಸರದಿ ಮುಗಿಸಿದ. ಜನ ಕಾಣಿಸಿದರು.

"ಇವರು ಯಾಕೆ ಬರ್ತಿದಾರೆ ಮಾವ?"

"ಆಡು."

ಅವನು ಬೆರಳಿಟ್ಟು ಮನೆಗಳನ್ನು ಎಣಿಸಿದ. ಎರಡು, ನಾಲ್ಕು, ಆರು. ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಹೊನ್ನವ್ವನನ್ನು ಎರಡು ಮನೆ ಮುಂದೆ ನಡೆಸಿ ದಿಡ್ಡಿ ಬಾಗಿಲಿನಲ್ಲಿ ನಿಲ್ಲಿಸಿದ. ಆ ಬಾಗಿಲು ಒಂದೇ ಮನೆಯಷ್ಟು ಅಗಲ. ಆ ಕಡೆ ರೈತರು, ಈ ಕಡೆ ಕೆಂಚಪ್ಪ, ನಡುವೆ ಅವಳು.

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ರೈತರು ಬಂದು ಅವಳ ಎದುರಿಗೆ ನಿಂತರು. ತಮ್ಮ ಕಡೆಯವಳನ್ನು ಹೊಡೆಯಲು ಅವರಿಗೆ ಬರುವುದಿಲ್ಲ, ದಾಟಲು ದಾರಿ ಇಲ್ಲ. ಅವಳು ತಿರುಗಿ ಹೊಡೆದರೆ ಬಾಗಿಲು ಬಿಡಬೇಕು. ಕೆಂಚಪ್ಪನಿಗೆ ಏಳಲು ಆಗುವುದಿಲ್ಲ. ಗೆಲುವೂ ಬರಲಿಲ್ಲ, ಸೋಲೂ ಬರಲಿಲ್ಲ. ಹುಡುಗ ಸರದಿ ಮುಗಿಸುತ್ತಲೇ ಹೋದ. ಹತ್ತು, ಹದಿನೈದು. ಮೂಲೆಯಲ್ಲಿ ಸರದಿಯ ಸಂಖ್ಯೆ ಮಾತ್ರ ಏರುತ್ತಿತ್ತು.

"ಹ್ಯಾಂಗ್ ಆಯ್ತಾ?" ಅಂತ ಕೇಳಿದ.

"ಇಲ್ಲ, ನಡೀತಾ ಇದೆ" ಅಂದೆ.

27ನೇ ಸರದಿಯಲ್ಲಿ ಅಕ್ಕ ಊಟಕ್ಕೆ ಕರೆದಳು. ಸೇವ್ ಮಾಡಿ ಎದ್ದ. ಇದು ಆಟದ ದೋಷ, ಸರಿ ಮಾಡುವುದು ಹತ್ತು ಸಾಲಿನ ಕೆಲಸ. ದೋಷಗಳ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ಅದರ ಮೇಲಿನದ್ದು, ಕೆಳಗಿನದ್ದು ಎಲ್ಲ ಸರಿ ಮಾಡಿ ಆಯಿತು.